ಸರಳ ಐತಿ, ಅತ್ತಾಗ ಸರಿ

ನನ್ನ ಬಲಗೈ ಛಲೋ ಕೈ ಅಲ್ಲರಿ. ಹಿಂಗಂದ ಕೂಡ್ಲೆ ನೀವು ಏನೇನೋ ತಿಳ್ಕೊಬ್ಯಾಡ್ರಿ. ಅದು ಲಂಚ ತಗೊಂಡ ಕೈ ಅಲ್ಲ, ಯಾರ ಮ್ಯಾಲೂ ಎತ್ತಿದ ಕೈ ಅಲ್ಲ. ಮತ್ತೇನು ಅದರ ರೋಗ ಅಂದ್ರ, ಯಾರರ ನನ್ನ ಎದುರಿಗೆ ಫೋನಿನ ಮ್ಯಾಲೋ ಕಂಪ್ಯೂಟರಿನ ಮ್ಯಾಲೋ ಬೆರಳಿಟ್ಟು, ಮುಂದ ಏನು ಒತ್ತಬೇಕಂತ ತಿಳೀದ ಒಂದು ಗಳಿಗಿ ತಡದ್ರ ಸಾಕು, ಇದು ತಾನಾಗೇ ಮುಂದ ಹೋಗತೈತಿ. “ಸರಳ ಐತಿ, ಅತ್ತಾಗ ಸರಿ, ಕೊಡಿಲ್ಲಿ” ಅಂತ ಬಾಯಿ ಅನ್ನೋದರೊಳಗ ಆ ಸಾಮಾನು ನನ್ನ ಕೈಯಾಗ ಬಂದಿರತೈತಿ. ಕೊಟ್ಟವರು ಯಾರೂ ಇಲ್ಲ. ಎಲ್ಲಾ ನಾನು ಕಸಗೊಂಡದ್ದು.

ಮೊನ್ನೆ ನಮ್ಮ ಮನಿಯಾಕಿ ಪಡಸಾಲ್ಯಾಗ ಕುಂತು ತನ್ನ ತಂಗಿಗೆ ಫೋನಿನ್ಯಾಗ ಹಪ್ಪಳದ ಫೋಟೋ ಕಳಸಾಕ ಹತ್ತಿದ್ಲು. ಹಪ್ಪಳ ಹಚ್ಚಿ ಒಣಗಿಸಿದ್ದು ಎರಡು ದಿನ, ಫೋಟೋ ಕಳಸೋದು ಮೂರನೇ ದಿನ. ನಾ ಪೇಪರ್ ಓದಕೊಂತ ಕುಂತಿದ್ದೆ. ಓದಾಕೇನು ಕುಂತಿದ್ದೆ, ಓರೆಗಣ್ಣಿಲೆ ಆಕಿ ಬೆರಳು ನೋಡಾಕ ಹತ್ತಿದ್ದೆ. ಆ ಬೆರಳು ಹೋತು, ಬಂತು, ನಿಂತಿತು. ನನಗ ತಡಕೊಳ್ಳಾಕ ಆಗಲಿಲ್ಲ.

“ಕೊಡಿಲ್ಲಿ, ಸರಳ ಐತಿ.”

“ಕೊಡಂಗಿಲ್ರಿ.”

“ಅಲ್ಲ, ಆ ಬಾಣದಂಥಾದ್ದು ಐತಿ ನೋಡು...”

“ಸರಳ ಐತಿ ಅಂತ ಇನ್ನೊಮ್ಮೆ ಅಂದ್ರಂದ್ರ ಈ ಫೋನ್ ಒಯ್ದು ಬಾವ್ಯಾಗ ಒಗೀತೀನಿ ನೋಡ್ರಿ! ನಾ ಹಿಡದದ್ದನ್ನೆಲ್ಲಾ ಕಸಗೊಂತ ಬಂದ್ರಿ. ರೇಡಿಯೋ ಕಸಗೊಂಡ್ರಿ, ಮಿಕ್ಸರ್ ಕಸಗೊಂಡ್ರಿ, ಒಲಿ ಹಚ್ಚೋ ಲೈಟರ್ ಸುದ್ದಾ ಬಿಡಲಿಲ್ಲ. ನಾ ಸತ್ತ ಮ್ಯಾಲ ಎಲ್ಲಾ ನಿಮ್ಮ ಕೈಯಾಗ ಇಟ್ಟು ಹೋಗ್ತೀನಿ, ಅಲ್ಲೀತನಕ ಸುಮ್ಮ ಕುಂಡ್ರಿ.”

ಇಷ್ಟಂದು ಫೋನ್ ತಗೊಂಡು ಮಗ್ಗಲ ಮನಿಗೆ ಹೋದ್ಲು. ಅಲ್ಲಿ ಆಕಿಗಿಂತ ಹತ್ತು ವರ್ಷ ದೊಡ್ಡಾಕಿ ಒಬ್ಬಾಕಿ ಅದಾಳ, ಆಕಿಗೂ ಏನೂ ಬರಂಗಿಲ್ಲ. ಇಬ್ಬರೂ ಕೂಡಿ ತಾಸಗಟ್ಟಲೆ ತಪ್ಪು ಒತ್ತತಾರ, ನಗತಾರ, ಕಡೀಕ ಹೆಂಗೋ ಏನೋ ಫೋಟೋ ಹೋಗತೈತಿ. ಅಲ್ಲಿ ಯಾರೂ ಸರಳ ಐತಿ ಅನ್ನಂಗಿಲ್ಲಂತ. ನಾ ಒಬ್ಬನ ಪಡಸಾಲ್ಯಾಗ ಕುಂತೆ. ಕುಂತಾಗ ದ್ಯಾಮವ್ವ ನೆನಪಾದ್ಲು. ನೆನಪಾದ್ಲು ಅಂದ್ರ ಸುಳ್ಳು ಆಗತೈತಿ, ಆಕಿ ಮರತರ ಎಲ್ಲಿ ಹೋಗ್ಯಾಳ. ಆದ್ರ ಆಕಿ ಸುದ್ದಿಗೆ ಬರೂಕಿಂತ ಮೊದಲ ನನ್ನ ಕಥಿ ಒಂದೀಟು ಕೇಳ್ರಿ.

ನಾನು ಯಲಬುರ್ಗಾದಾಗ ಒಂದು ಸರ್ಕಾರಿ ಕಚೇರಿಯೊಳಗ ಕ್ಲಾರ್ಕ್ ಆಗಿ ದುಡದಾಂವ. ರಿಟೈರ್ ಆಗಿ ಎರಡು ವರ್ಷ ಆತು. ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನ ಕೊಪ್ಪಳದಿಂದ ಜೀಪಿನ್ಯಾಗ ತಂದಾಂವ ನಮ್ಮ ಡ್ರೈವರ್ ಶರಣಪ್ಪ. ನನ್ನ ಖಾಸ ಗೆಳೆಯ. ದಿನಾ ಸಂಜಿಗೆ ಬಸ್‌ಸ್ಟ್ಯಾಂಡ್ ಕಡೆ ಹೋಗಿ ಇಬ್ಬರೂ ಒಂದೊಂದು ಪ್ಲೇಟ್ ಮಿರ್ಚಿ ತಿಂದ ಮ್ಯಾಲ ನಮ್ಮ ನಮ್ಮ ಮನಿ. ಆಂವ ಜೀಪಿನ್ಯಾಗ ಎರಡು ಕೌದಿ ಹಾಸಿ, ಮ್ಯಾಲೊಂದು ಕೌದಿ ಹೊಚ್ಚಿ, ಬಾಣಂತೀನ್ನ ತವರಿಂದ ತಂದಂಗ ಆ ಡಬ್ಬಿ ತಂದ. ಒಂದು ತಾಸಿನ ಹಾದಿಗೆ ಮೂರು ತಾಸು ಹಚ್ಚಿದ. ಸಾಹೇಬ್ರು ಯಾಕ ತಡ ಆತು ಅಂತ ಬೈದ್ರ, “ಒಳಗ ಏನೈತೋ ಯಾರಿಗೆ ಗೊತ್ರಿ, ಅಲುಗಾಡಿ ಚೆಲ್ಲಿಗಿಲ್ಲಿ ಹೋದ್ರ?” ಅಂದ.

ಅದಕ್ಕೊಂದು ಖೋಲಿ ಕೊಟ್ಟಿವಿ. ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗಬೇಕು. ಕೀಲಿ ಸಾಹೇಬ್ರ ಕಿಸೆದಾಗ. ಧೂಳು ಬರತೈತಂತ ಕಿಡಕಿಗೆ ಮೊಳಿ ಹೊಡದು ಮುಚ್ಚಿದ್ವಿ. ಮಹಾನವಮಿಗೆ ಪೂಜೆ ಮಾಡೋ ಮುಂದ ಯಾರೋ ಭಕ್ತರು ಹುಲಿಗೆಮ್ಮನ ಗುಡಿಯಿಂದ ತಂದ ಭಂಡಾರದ ಅರಿಷಿಣ ಮುಷ್ಟಿ ತುಂಬ ತಗೊಂಡು ಕೀಬೋರ್ಡಿನ ಮ್ಯಾಲ ಎರಚಿಬಿಟ್ರು. ಮುಂದ ಹೊಸ ಕೀಬೋರ್ಡ್ ಬರೋತನಕ, ವರ್ಷಗಟ್ಟಲೆ, ನಮ್ಮ ಕಚೇರಿಯಿಂದ ಹೋದ ಪತ್ರದಾಗೆಲ್ಲಾ ಯಾವಾಗಲೂ ಒಂದು ಅಕ್ಷರ ಬಿಟ್ಟಿರತಿತ್ತು. ಆ ಕೀ ಒತ್ತಿದ್ರ ಒಳಗ ಹೋತು, ಏಳಲಿಲ್ಲ. ತಾಯಿ ಪ್ರಸಾದ ಕೆರೀಬಾರದು ಅಂತ ಯಾರೂ ಕೆರೀಲಿಲ್ಲ.

ಕುಷ್ಟಗಿಯೊಳಗ ಟೈಪಿಂಗ್ ಸೀನಿಯರ್ ಪಾಸ್ ಆಗಿದ್ದೆ ಅನ್ನೋದೊಂದು ತಪ್ಪಿಗೆ ಕಂಪ್ಯೂಟರ್ ಕಲಿಯಾಕ ನನ್ನನ್ನ ಗಂಗಾವತಿಗೆ ಕಳಿಸಿದ್ರು. ಹೆದರಿಕಿ ಅಂದ್ರ ಏನಂತ ನನಗ ಗೊತ್ತಾಗಿದ್ದು ಅಲ್ಲಿ. ಯಾವ ವೈರಿನ್ಯಾಗ ಕರೆಂಟ್ ಐತಿ, ಯಾವುದನ್ನ ಮುಟ್ಟಿದ್ರ ಹೊಡೀತೈತಿ ಅಂತ ಕೇಳಿದೆ. ಎಲ್ಲಾರೂ ನಕ್ಕರು. ಕಲಿಸಾಕ ಬಂದಾಂವ ಕಾಲುವಿ ಕಡೆ ಆಂಧ್ರದವ್ರ ಕ್ಯಾಂಪಿನಾಂವ, ಅರ್ಧ ತೆಲುಗು ಅರ್ಧ ಕನ್ನಡ. ನಾ ಪರದೆ ಮ್ಯಾಲ ಬಾಣದ ಗುರುತು ಹುಡಕೋದರಾಗ ಹಿಂದಿಂದ ಬಂದು, “ಚಾಲಾ ಸಿಂಪಲ್ ರೀ ಸಾರ್, ಜರಗಂಡಿ” ಅಂದು ಮೌಸ್ ಕಸಗೊಳ್ಳಾಂವ. ತಿರುಪತಿಯೊಳಗ ದೇವರ ಮುಂದ ನಿಂತಾಗ ಅತ್ತಾಗ ಸರೀರಿ ಅಂತ ದಬ್ಬತಾರಲ್ಲ, ಅದ ಮಾತು. ಒಮ್ಮೆ ಆ ಪರದೆ ಮ್ಯಾಲ ‘ಖಾತ್ರಿ ಐತೇನು?’ ಅನ್ನೋ ಅರ್ಥದ ಇಂಗ್ಲಿಷ್ ಪ್ರಶ್ನಿ ಬಂತು. ನಾ ಕೈ ಮುಗದು ದೊಡ್ಡ ದನಿಲೆ “ಹೌದ್ರಿ” ಅಂದೆ. ಆವತ್ತಿನ ನಗೆ ಇವತ್ತಿಗೂ ನನ್ನ ಕಿವ್ಯಾಗ ಐತಿ.

ಸಂಜಿಗೆ ಬಸ್ಸಿನ್ಯಾಗ ಕಿಡಕಿ ಕಡೆ ಮಾರಿ ಮಾಡಿ ಅತ್ತೆ. ಮೂವತ್ತೈದು ವರ್ಷದ ಗಂಡಸು, ಮೀಸಿ ಇದ್ದಾಂವ, ಮಗ್ಗಲ ಸೀಟಿನ ಮುದುಕಿ “ಯಾರರ ತೀರಿಕೊಂಡ್ರೇನಪಾ?” ಅಂತ ಕೇಳೂವಂಗ ಅತ್ತೆ. ನಾನೇನರ ಇದನ್ನ ಕಲಿತ್ರ, ಯಾರಿಗೂ ಹಿಂಗ ಮಾಡಂಗಿಲ್ಲ ಅಂತ ಆವತ್ತ ಆಣಿ ಹಾಕ್ಕೊಂಡೆ. ಆ ಆಣಿ ಎಷ್ಟು ದಿನ ಬಾಳತು ಅನ್ನೋದನ್ನ ಮುಂದ ನೋಡುವಂತ್ರಿ.

ಕಲತೆ. ಕಲತು ಬಂದು ಕಚೇರಿಗೆ ಮಾಸ್ತರ ಆದೆ. ಎಲ್ಲಾರಿಗೂ ಸರಳ ಆಗಲಿ ಅಂತ ಒಂದು ನೋಟಬುಕ್ಕಿನ್ಯಾಗ ಕಂಪ್ಯೂಟರಿನ ಮಾತಿಗೆಲ್ಲಾ ನಮ್ಮ ಹೆಸರು ಇಟ್ಟೆ. ಡೆಸ್ಕ್‌ಟಾಪ್ ಅಂದ್ರ ಕಟ್ಟಿ. ಫೋಲ್ಡರ್ ಅಂದ್ರ ಗಂಟು. ಅಳಸಿದ್ದು ಹೋಗಿ ಬೀಳೋ ಡಬ್ಬಿ ಅಂದ್ರ ತಿಪ್ಪಿ. ಮಾಡಿದ ತಪ್ಪು ತಿರುಗಿ ತಗೊಳ್ಳಾಕ ಎರಡು ಕೀ ಕೂಡಿಸಿ ಒತ್ತತಾರಲ್ಲ, ಅದಕ್ಕ ‘ತಪ್ಪಾತವ್ವ’ ಅಂತ ಹೆಸರು. ಹುಲಿಗೆಮ್ಮನ ಮುಂದ ಗಲ್ಲ ಗಲ್ಲ ಬಡಕೊಂತಾರಲ್ಲ, ಹಂಗ ಎರಡು ಬೆರಳು ಒಮ್ಮೆಲೆ ಬಡೀಬೇಕು ಅಂತ ಹೇಳಿಕೊಟ್ಟೆ. ಈ ನೋಟಬುಕ್ ಭಾಳ ನಡೀತು. ಕುಷ್ಟಗಿ ಕಚೇರಿಯವ್ರು ಬಂದು ಝರಾಕ್ಸ್ ಮಾಡಿಸಿಕೊಂಡು ಹೋದ್ರು. ಒಬ್ಬ ಸಾಹೇಬ್ರು ನನ್ನ ಬೆನ್ನು ಚಪ್ಪರಿಸಿ, “ನಿಮ್ಮಂಥವ್ರು ಇರಬೇಕ್ರಿ, ಎಷ್ಟು ಸರಳ ಮಾಡಿಬಿಟ್ರಿ” ಅಂದ್ರು. ನನ್ನ ತಲಿ ತಿರುಗಿದ್ದು ಅಲ್ಲೇ. ಅಲ್ಲಿಂದ ಮುಂದ ‘ಸರಳ’ ಅನ್ನೋ ಮಾತು ನನ್ನ ಬಾಯಾಗ ಎಲಿಅಡಿಕಿಯಂಗ ಆಡಾಕ ಹತ್ತಿತು.

ಇಷ್ಟರಾಗ ಶರಣಪ್ಪಗ ಕಾಮಾಲಿ ಆತು. ಇಂಥಾ ಬ್ಯಾನಿಗೆಲ್ಲಾ ಯಾರರ ಸಾಯ್ತಾರೇನು ಅಂತ ತಿರುಗ್ಯಾಡಿದ, ಒಂದು ದಿನ ಹೋಗಿಬಿಟ್ಟ. ಆಂವನ ಹೇಣ್ತಿ ದ್ಯಾಮವ್ವ. ಆಕಿಗೆ ಅನುಕಂಪದ ಮ್ಯಾಲ ನಮ್ಮ ಕಚೇರಿಯೊಳಗ ಜವಾನಿ ಕೆಲಸ ಸಿಕ್ಕಿತು. ಕಸ ಹೊಡಿಯೋದು, ನೀರು ತುಂಬೋದು, ಫೈಲು ಒಯ್ಯೋದು, ಸಾಹೇಬ್ರು ಗಂಟಿ ಒತ್ತಿದ್ರ ಎದ್ದು ಓಡೋದು. ಗೆಳೆಯನ ಹೇಣ್ತಿ ಅಂತ ನಾ ಆಕಿಗೆ ತಂಗಿ ಅಂತಿದ್ದೆ, ಆಕಿ ನನಗ ಅಣ್ಣಾರ ಅಂತಿದ್ಲು.

ಬಂದಾಗ ಆಕಿ ಹತ್ತನೇತ್ತೆ ಪಾಸು. ಸಾಹೇಬ್ರ ಖೋಲಿ ಹೊರಗಿನ ಬೆಂಚಿನ ಮ್ಯಾಲ ಕುಂತು, ಒಂದು ಕಿವಿ ಗಂಟಿ ಕಡೆ ಇಟ್ಟು, ಸೆರಗಿನ್ಯಾಗ ಪುಸ್ತಕ ಮುಚ್ಚಿಕೊಂಡು ಓದಿ, ಖಾಸಗಿ ಕಟ್ಟಿ ಪಿಯುಸಿ ಪಾಸ್ ಮಾಡಿದ್ಲು. ಒಮ್ಮೆ ಫೇಲಾದ್ಲು, ಮತ್ತ ಕುಂತ್ಲು. ಪಾಸಾದ ದಿನ ಎಲ್ಲಾರಿಗೂ ಪೇಡೆ ಹಂಚಿ ನನ್ನ ಟೇಬಲ್ಲಿಗೆ ಬಂದು ನಿಂತ್ಲು.

“ಅಣ್ಣಾರ, ಪಿಯುಸಿ ಆದವ್ರಿಗೆ ಕ್ಲಾರ್ಕ್ ಬಡ್ತಿ ಕೊಡತಾರಂತಲ್ರಿ?”

“ಕೊಡತಾರ. ಕಂಪ್ಯೂಟರ್ ಪರೀಕ್ಷಾ ಒಂದು ಪಾಸಾಗಬೇಕು.”

“ನನಗ ಪಗಾರದ ಆಶಾ ಇಲ್ರಿ ಅಣ್ಣಾರ. ಅದು ಬಂದ್ರೂ ಅಷ್ಟ, ಬಿಟ್ರೂ ಅಷ್ಟ. ಆ ಗಂಟಿ ಐತಲ್ರಿ, ಅದು ಬಾರಿಸಿದ್ರೂ ನಾ ಏಳದ ಕುಂತಿರಬೇಕ್ರಿ. ಒಂದು ಕುರ್ಚಿ ಮ್ಯಾಲ. ಅಷ್ಟ ನನ್ನ ಆಶಾ.”

ನನಗ ಕಣ್ಣಾಗ ನೀರು ಬಂತು. “ಏ ತಂಗಿ, ನಾ ಇಲ್ಲೇನು? ಕಂಪ್ಯೂಟರ್ ಅಂದ್ರ ಏನು ದೊಡ್ಡ ಗುಡ್ಡ? ಸರಳ ಐತಿ” ಅಂದೆ.

ದಿನಾ ನಾಕು ಗಂಟೆಕ್ಕ ಪಾಠ. ಮೊದಲ ವಾರ ಆಕಿ ಮೌಸ್ ಹಿಡಿಯೋದು ಹಂಚಿನ ಮ್ಯಾಲಿನ ರೊಟ್ಟಿ ಮುಟ್ಟಿದಂಗ, ಪಟ್ಟನ ಮುಟ್ಟಿ ಪಟ್ಟನ ಬಿಡೋದು. ಆಕಿದೊಂದು ಪದ್ಧತಿ ಇತ್ತು. ಒಂದು ಕೆಲಸ ಮಾಡೂಕಿಂತ ಮೊದಲ ಅದನ್ನ ಪುಸ್ತಕದಾಗ ಬರಕೋಬೇಕು. ಬರದದ್ದನ್ನ ಒಮ್ಮೆ ಓದಬೇಕು. ಓದಿದ ಮ್ಯಾಲ ಕೈ ಹಚ್ಚಬೇಕು. ಪಿಯುಸಿ ಹಂಗ ಪಾಸಾದಾಕಿ ಆಕಿ. ಆದ್ರ ನಂಗ ಎಲ್ಲಿ ತಾಳ್ಮಿ? ಆಕಿ ಒಂದನೇದ್ದು ಬರಕೊಳ್ಳೋದರೊಳಗ ನಾ ಐದನೇದ್ದಕ್ಕ ಇರತಿದ್ದೆ.

“ತಡೀರಿ ಅಣ್ಣಾರ, ಕೈ ಬಿಡ್ರಿ, ನಾ ಒತ್ತತೀನಿ.”

“ಒತ್ತುವಿ, ಒತ್ತುವಿ. ಮೊದಲ ನಾ ಮಾಡೋದು ನೋಡು. ಸರಳ ಐತಿ, ಅತ್ತಾಗ ಸರಿ.”

ಎರಡು ತಿಂಗಳ ಪಾಠ ಆತು. ತನ್ನ ಹೆಸರನ್ನ ಆಕಿ ಒಂದು ಸರ್ತಿನೂ ಟೈಪ್ ಹೊಡೀಲಿಲ್ಲ. ಒಂದು ದಿನ ನಕ್ಕೊಂತ, “ಅಣ್ಣಾರ, ನಿಮ್ಮ ಬಲಗೈ ಹಿಂಬದಿ ನನಗ ಬಾಯಿಪಾಠ ಆಗೇತ್ರಿ. ಎಲ್ಲಿ ಮಚ್ಚಿ ಐತಿ, ಎಲ್ಲಿ ನರ ಐತಿ, ಕಣ್ಣು ಮುಚ್ಚಿ ಹೇಳತೀನಿ” ಅಂದ್ಲು. ನಾನೂ ನಕ್ಕೆ. ಎಷ್ಟು ನೊಂದು ಅಂದ ಮಾತದು, ನಾ ಚೇಷ್ಟಿ ಅಂತ ತಿಳದೆ. ನನ್ನಂಥಾ ಖೋಡಿ ಮತ್ತೊಬ್ಬ ಇರಲಿಕ್ಕಿಲ್ಲ.

ಈ ಮುಂದಿನ ಮಾತು ಹೇಳಾಕ ಈಗೂ ಬಾಯಿ ಬರಂಗಿಲ್ಲ. ಆದ್ರೂ ಹೇಳತೀನಿ.

ಕಂಪ್ಯೂಟರಿನ್ಯಾಗ ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಪಾಸ್‌ವರ್ಡ್ ಇರಬೇಕು ಅಂತ ಮ್ಯಾಲಿಂದ ಆದೇಶ ಬಂತು. ನಮ್ಮವ್ರಿಗೆ ಪಾಸ್‌ವರ್ಡ್ ನೆನಪಿರೋದು ಅಷ್ಟರಾಗ ಐತಿ, ಗ್ವಾಡಿ ಮ್ಯಾಲ ಬರದಿಡತಿದ್ರು. ನಾ ಒಂದು ಸರಳ ಹಾದಿ ಹುಡುಕಿದೆ. ಎಲ್ಲಾರೂ ತಮ್ಮ ತಮ್ಮ ಮನ್ಯಾಗಿನ ಹೆಸರು ಇಟಗೊಳ್ರಿ, ಸಾಯೂತನಕ ಮರಿಯಂಗಿಲ್ಲ ಅಂದೆ. ಒಬ್ಬರು ತಾಯಿ ಹೆಸರು ಇಟ್ರು, ಒಬ್ಬರು ಮಗಳ ಹೆಸರು ಇಟ್ರು. ದ್ಯಾಮವ್ವಂದು ನಾನ ಆರಿಸಿ ನಾನ ಹೊಡದು ಇಟ್ಟೆ. ಶರಣಪ್ಪ. ಗೆಳೆಯಾನ ಹೆಸರು ಕಚೇರಿಯೊಳಗ ಉಳದಂಗೂ ಆತು, ಆಕಿಗೂ ಸರಳ ಆತು ಅಂತ ಒಳಗೊಳಗ ಭಾಳ ಹೆಮ್ಮಿ ನನಗ.

ಮಧ್ಯಾಹ್ನ ಖೋಲಿಯೊಳಗ ಐದಾರು ಮಂದಿ ಇದ್ರು. ಕೆಲಸಕ್ಕ ಬಂದ ಹೊರಗಿನವ್ರೂ ಬಾಗಲದಾಗ ನಿಂತಿದ್ರು. ಆಕಿನ್ನ ಕುಂಡ್ರಿಸಿ, “ತಂಗಿ, ನಿಮ್ಮ ಮನಿಯಾಂವನ ಹೆಸರು ಇಂಗ್ಲಿಷಿನ್ಯಾಗ ಹೊಡಿ. ಬಾಗಲ ತಗೀತೈತಿ” ಅಂದೆ.

ಆಕಿ ಬೆರಳು ಕೀಬೋರ್ಡಿನ ಮ್ಯಾಲ ಇಟ್ಲು. ತಗದ್ಲು. ಮತ್ತ ಇಟ್ಲು. ನನ್ನ ಮಾರಿ ನೋಡಿದ್ಲು.

“ಬ್ಯಾರೇದು ಇಡ್ರಿ ಅಣ್ಣಾರ.”

“ಯಾಕ? ಇದಕ್ಕಿಂತ ಸರಳ ಯಾವುದೈತಿ?”

“ಬ್ಯಾರೇದು ಇಡ್ರಿ. ಇದು ಬ್ಯಾಡ್ರಿ.”

“ಏ, ಹೊಡಿಯವ್ವ ಅಂದ್ರ! ಮಂದಿ ನಿಂತಾರ. ಕಟಗೊಂಡ ಗಂಡನ ಹೆಸರು ನೆನಪಿಲ್ಲೇನ ನಿನಗ? ಇಷ್ಟರಾಗ ಮರತಿ?”

ಎಲ್ಲಾರೂ ಹೋ ಅಂತ ನಕ್ಕರು. ಗಂಗಾವತಿಯೊಳಗ ನಕ್ಕಿದ್ರಲ್ಲ, ಅಂಥಾ ನಗೆ. ನನ್ನ ಮಾತಿಗೆ ಮಂದಿ ನಗಾಕ ಹತ್ಯಾರ ಅಂತ ನನಗ ಇನ್ನೂ ಹುರುಪು ಬಂತು. “ಅತ್ತಾಗ ಸರಿ” ಅಂದೆ. ಆಕಿ ಕೈ ಮ್ಯಾಲಿಂದ ನನ್ನ ಕೈ ಹಾಕಿ, ಒಂದೊಂದು ಅಕ್ಷರ ದೊಡ್ಡ ದನಿಲೆ ಅಂದುಕೊಂತ, ಆ ಹೆಸರು ಕುಟ್ಟಿದೆ. “ನೋಡು, ಇಷ್ಟ. ಎಷ್ಟು ಸರಳ!”

ಆಕಿ ಎದ್ಲು. ಸೆರಗು ಮಾರಿಗೆ ಹಚ್ಚಿಕೊಂಡು, ಖಾಲಿ ಇರದ ಕೊಡ ಎತ್ತಿಕೊಂಡು ನೀರಿಗೆ ಅಂತ ಹೊರಗ ಹೋದ್ಲು.

ಮಂದಿ ಚದುರಿದ ಮ್ಯಾಲ ನಮ್ಮ ಮ್ಯಾನೇಜರ್ ಮೇಡಂ, ಆ ಕಚೇರಿಯೊಳಗ ನನಗಿಂತ ಹಿರಿಯರು ಅಂದ್ರ ಅವರೊಬ್ಬರ, ನನ್ನ ಹತ್ರ ಬಂದ್ರು. “ಆಕಿ ಆ ಹೆಸರು ಬಾಯಾಗ ತಂದದ್ದು ಮದುವ್ಯಾಗ ಗಂಡನ ಹೆಸರು ಹೇಳಸ್ತಾರಲ್ಲ, ಆ ಒಡಪಿನೊಳಗ ಮಾತ್ರ. ಅದೂ ನಾಕು ಸಾಲಿನ ಹಾಡಿನ್ಯಾಗ ಮುಚ್ಚಿ. ಅದ ಮೊದಲು, ಅದ ಕಡೀ. ಗಂಡ ಹೋದ ಮ್ಯಾಲ ಅಂತೂ ಬರದುಕೊಡಾಕ ಹಚ್ಚಿದ್ರೂ ಮಗ್ಗಲದವ್ರ ಕೈಲೆ ಬರಸತಾಳ. ನೀವು ಹಳ್ಳ್ಯಾಗ ಹುಟ್ಟಿದವ್ರು, ನಿಮಗ ತಿಳೀಲಿಲ್ಲೇನ್ರಿ?”

ತಿಳೀಲಿಲ್ಲ ಅಂದ್ರ ನನ್ನ ನಾಲಿಗಿಗೆ ಹುಳ ಬೀಳಲಿ. ನಮ್ಮ ಅವ್ವ ಎಂಥಾಕಿ ಇದ್ಲು ಗೊತ್ತೇನ್ರಿ? ನಮ್ಮಪ್ಪನ ಹೆಸರು ಹನುಮಪ್ಪ. ಕುಷ್ಟಗಿ ಮಗ್ಗಲ ನಮ್ಮ ಹಳ್ಳ್ಯಾಗ ಓಣಿಗೊಂದು ಹನುಮಪ್ಪನ ಗುಡಿ. ಅವ್ವ ಶನಿವಾರ ಎಣ್ಣಿ ಒಯ್ಯೋ ಮುಂದ ದೇವರ ಹೆಸರೂ ಹೇಳತಿರಲಿಲ್ಲ, “ಗುಡಿಯಾಂವಗ ಎಣ್ಣಿ ಹಾಕಿ ಬರತೀನಿ” ಅನ್ನಾಕಿ. ಮೂಲಿ ಮನಿ ಹನುಮವ್ವಗ “ಮೂಲಿ ಮನಿಯಾಕಿ” ಅನ್ನಾಕಿ. ಒಮ್ಮೆ ಜನಗಣತಿಗೆ ಮಂದಿ ಲೆಕ್ಕ ಬರಕೊಳ್ಳಾಂವ ಬಂದ. ಅಪ್ಪ ಹೊಲಕ್ಕ ಹೋಗಿದ್ದ. ಯಜಮಾನರ ಹೆಸರೇನವ್ವ ಅಂದ್ರ ಅವ್ವ ಬಾಗಲ ಸಂದ್ಯಾಗ ನಿಂತು, “ನನ್ನ ಮಗ ಸಾಲಿಯಿಂದ ಬರತಾನ್ರಿ, ಆಂವನ ಕೇಳ್ರಿ” ಅಂದ್ಲಂತ. ಆ ಪುಣ್ಯಾತ್ಮ, ನಾ ಬರೋತನಕ ನಮ್ಮ ಕಟ್ಟಿ ಮ್ಯಾಲ ಮಜ್ಜಿಗಿ ಕುಡಕೊಂತ ಕುಂತಿದ್ದ. ನಾ ಬಂದು ಎದಿ ಉಬ್ಬಿಸಿ ಅಪ್ಪನ ಹೆಸರು ಹೇಳಿದೆ, ಆಂವ ಬರಕೊಂಡು ಎದ್ದು ಹೋದ. ಆಂವಗ ಕಂಪ್ಯೂಟರ್ ಗೊತ್ತಿರಲಿಲ್ಲ. ಕಾಯೋದು ಗೊತ್ತಿತ್ತು. ನಾನು ಆ ಅವ್ವನ ಹೊಟ್ಟ್ಯಾಗ ಹುಟ್ಟಿ, ದ್ಯಾಮವ್ವಗ ಎರಡು ನಿಮಿಷ ಕೊಡಲಿಲ್ಲ.

ಆವತ್ತ ಹೋಗಿ ತಪ್ಪಾತು ತಂಗಿ ಅನ್ನಬೇಕಿತ್ತು. ಅನ್ನಲಿಲ್ಲ. ಜವಾನಿ ಮುಂದ ಕ್ಲಾರ್ಕ್ ತಪ್ಪಾತು ಅಂತಾನೇನು? ನೆಟ್ಟಗ ಹೇಳಬೇಕಂದ್ರ ನನಗ ಸೊಕ್ಕು. ಪಾಸ್‌ವರ್ಡ್ ತಗದು ಒಂದು ಎರಡು ಮೂರು ನಾಕು ಅಂತ ಇಟ್ಟೆ. ಮರುದಿನ ಆಕಿ ಬಂದಾಗ, “ಈಗಂತೂ ಸರಳ ಆತಲ್ಲ?” ಅಂದೆ.

“ಹೂಂ ಸರ” ಅಂದ್ಲು.

ಅಣ್ಣಾರ ಹೋತು. ಮುಂದ ನಾ ರಿಟೈರ್ ಆಗೋತನಕ ಆಕಿ ಬಾಯಾಗ ನಾನು ಸರ. ಹುಣ್ಣಿಮಿಗೆ ಕರದು ಹೋಳಿಗಿ ಕೊಟ್ರೂ “ಸರ, ತಗೋರಿ” ಅನ್ನಾಕಿ. ಆ ಎರಡಕ್ಷರ ನನಗ ಎಷ್ಟು ಚುಚ್ಚತಿತ್ತು ಅಂದ್ರ, ಬೈದಿದ್ರ ಛಲೋ ಇತ್ತು.

ಪಾಠಕ್ಕ ಬರೋದೇನು ಬಿಡಲಿಲ್ಲ. ಆದ್ರ ಕುಂಡ್ರತಿರಲಿಲ್ಲ. ಹಿಂದ ನಿಂತು, “ನೀವು ಮಾಡ್ರಿ ಸರ, ನಾ ನೋಡತೀನಿ” ಅನ್ನಾಕಿ. ಈಗ ತಕರಾರು ಇಲ್ಲದ ಕಲಿಯಾಕ ಹತ್ಯಾಳ ಅಂತ ನನಗ ಖುಷಿ ಬ್ಯಾರೆ!

ಪರೀಕ್ಷಾ ಕೊಪ್ಪಳದಾಗ ಇತ್ತು. ಮುಂಜಾನಿ ಬಸ್ಸಿಗೆ ಹೋದ್ವಿ. ಆಕಿ ಇಸ್ತ್ರಿ ಮಾಡಿದ ಸೀರಿ ಉಟ್ಟು, ಹಾಲ್‌ಟಿಕೆಟ್ ಪುಸ್ತಕದಾಗ ಮಡಿಚಿ ಇಟ್ಟು, ಹಾದಿ ತುಂಬ ತುಟಿ ಅಲ್ಲಾಡಿಸಿಕೊಂತ ಬಂದ್ಲು. ನಾ ಗೇಟಿನ ಮಟ ಬಿಟ್ಟು, “ಹೆದರಬ್ಯಾಡ, ಸರಳ ಕೇಳತಾರ” ಅಂದು ಹೊರಗ ಚಾದಂಗಡಿಯೊಳಗ ಕುಂತೆ. ಒಂದು ಕಪ್ ಚಾ ಮುಗಿಯೋದರೊಳಗ ಆಕಿ ಹೊರಗ ಬಂದ್ಲು. ಬೇವಿನ ಗಿಡದ ಕೆಳಗ ಕುಂತು ನೀರು ಕುಡದ್ಲು.

“ಏನಾತು?”

“ಮೊದಲನೇದ್ದು ಓದಾಕ ಹತ್ತಿದ್ದೆರಿ. ಓದಿ ಮಾಡೂಣು ಅಂತ ಕುಂತಿದ್ದೆ. ಒಳಗ ತಿರಗ್ಯಾಡಾಂವ ಒಬ್ಬಾಂವ ಬಂದು ಹಿಂದ ನಿಂತ. ಇದೂ ಬರಂಗಿಲ್ಲೇನವ್ವ, ಸರಳ ಐತಲ್ಲ ಅಂದು, ಹೆಗಲ ಮ್ಯಾಲಿಂದ ಕೈ ಹಾಕಿ ಮೌಸ್ ಹಿಡದ. ಪಾಪ, ಒಳ್ಳೆ ಮನಸಿಲೆ ಮಾಡಿದ್ರಿ ಆಂವ. ಆದ್ರ ಆ ಕೈ ಕಂಡಕೂಡ್ಲೆ ನಂದು ಎಲ್ಲಾ ಹೋತ್ರಿ. ಒಂದಕ್ಷರ ಕಾಣಲಿಲ್ಲ.”

ನನಗ ಎಲ್ಲಿಲ್ಲದ ಸಿಟ್ಟು ಬಂತು. “ಎಂಥಾ ಮನಶ್ಯಾ ಆಂವ! ಕಲಿಯಾಕ ಬಂದವ್ರ ಕೈಯಾಗಿಂದ ಹಿಂಗ ಕಸಗೊಂತಾರೇನು? ಬುದ್ಧಿ ಬ್ಯಾಡೇನು?” ಅಂತ ಗೇಟಿನ ಮುಂದ ನಿಂತು ಒದರಾಡಿದೆ. ದ್ಯಾಮವ್ವ ನನ್ನನ್ನ ನೋಡಿದ್ಲು. ಬಾಟ್ಲಿ ಮುಚ್ಚಿ ಚೀಲದಾಗ ಇಟ್ಕೊಂಡ್ಲು.

ಆರು ತಿಂಗಳಿಗೆ ಮತ್ತೊಂದು ಪರೀಕ್ಷಾ ಇತ್ತು. ನಾ ಇನ್ನೊಂದು ನೋಟಬುಕ್ ಮಾಡಿದೆ, ಮೊದಲಿನದಕ್ಕಿಂತ ಸರಳ. ಆಕಿ ತಗೊಂಡ್ಲು. “ನೋಡೂಣ್ರಿ ಸರ” ಅಂದ್ಲು.

ಒಂದು ದಿನ ಊಟಕ್ಕ ಮನಿಗೆ ಹೋದಾಂವ, ಮನ್ಯಾಗ ಕೀಲಿ ಹಾಕಿದ್ದಕ್ಕ ಲಗೂನ ತಿರುಗಿ ಬಂದೆ. ಕಚೇರಿ ಖಾಲಿ. ಫ್ಯಾನ್ ಒಂದ ತಿರುಗಾಕ ಹತ್ತಿತ್ತು. ಕಂಪ್ಯೂಟರ್ ಖೋಲಿಯಿಂದ ಕೀಬೋರ್ಡ್ ಸಪ್ಪಳ ಬಂತು. ಹತ್ತಿರ ಹೋಗಿ ಬಾಗಲ ಪರದೆ ಸರಿಸಿ ನೋಡಿದ್ರ ದ್ಯಾಮವ್ವ. ಮಗ್ಗಲ ಪುಸ್ತಕ ತಗದಿಟ್ಟಾಳ. ಎರಡ ಬೆರಳಿಲೆ ಹೊಡೀತಾಳ. ಒಂದು ಸಾಲು ಹೊಡದು ನಿಂದರತಾಳ, ಓದತಾಳ, ಮುಂದಿನ ಸಾಲಿಗೆ ಹೋಗತಾಳ. ತಪ್ಪಾದ್ರ ಗಾಬರಿ ಇಲ್ಲ, ಅಳಸಿ ಮತ್ತ ಹೊಡೀತಾಳ. ಗಡಿಬಿಡಿ ಅನ್ನೋದ ಇಲ್ಲ. ನನ್ನ ನೆರಳು ಬಿದ್ದಕೂಡ್ಲೆ ಬೆರಳು ನಿಂತುಬಿಟ್ವು.

“ಏ ತಂಗಿ! ಇದೆಲ್ಲಾ ಯಾವಾಗ ಕಲತಿ?”

“ಊಟದ ಟೈಮಿನ್ಯಾಗ್ರಿ. ಮೂರು ತಿಂಗಳಾತ್ರಿ. ನೀವು ಇಲ್ಲದಾಗ ಅದು ನನ್ನ ಮಾತು ಕೇಳತೈತ್ರಿ ಸರ.”

ಚುಚ್ಚಿ ಅಂದಿದ್ರ ತಡಕೊಂತಿದ್ದೆ. ಆಕಿ ಚುಚ್ಚಲಿಲ್ಲ. ನೀರು ಬಂದೈತ್ರಿ ಅಂತ ಹೇಳತಿದ್ಲಲ್ಲ, ಆ ದನಿಯೊಳಗ ಅಂದ್ಲು. ನನಗ ನಾಚಿಕಿ, ಖುಷಿ ಎರಡೂ ಕೂಡೇ ಆದ್ವು. “ಹಂಗಾರ ಪರೀಕ್ಷಾ ಪಾಸಾದಂಗ ಬಿಡು! ಕುರ್ಚಿ ನಿಂದ!” ಅಂದೆ.

ಆಕಿ ಪ್ರಿಂಟ್ ಒತ್ತಿದ್ಲು. ಹಾಳಿ ಹೊರಗ ಬಂತು. ಅದನ್ನ ಎರಡೂ ಕೈಲೆ ಹಿಡದು ನನಗ ಕೊಟ್ಲು. “ಸಾಹೇಬ್ರಿಗೆ ಮುಟ್ಟಸ್ರಿ.”

‘ಮಾನ್ಯರೇ, ವಿಷಯ: ಬಡ್ತಿಯನ್ನು ನಿರಾಕರಿಸುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನಗೆ ಕಂಪ್ಯೂಟರ್ ಬರುವುದಿಲ್ಲವಾದ್ದರಿಂದ ನನಗೆ ಬಡ್ತಿ ಬೇಡವೆಂದು ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ.’

ಮೂರು ಸರ್ತಿ ಓದಿದೆ. ತಪ್ಪು ಹುಡುಕಿದೆ. ಒಂದು ಒತ್ತಕ್ಷರನಾದ್ರೂ ತಪ್ಪಿದ್ರ ಅದನ್ನ ಹಿಡಕೊಂಡು ಏನರ ಮಾತಾಡಬಹುದಿತ್ತು. ಸಿಗಲಿಲ್ಲ. ಬಿಡಬೇಕಾದಲ್ಲಿ ಜಾಗ ಬಿಟ್ಟಾಳ, ವಿಷಯದ ಕೆಳಗ ಗೆರಿ ಹಾಕ್ಯಾಳ, ಸಹಿಗೆ ಬಲಗಡೆ ಜಾಗ ಇಟ್ಟಾಳ. ನಮ್ಮ ಕಚೇರಿಯೊಳಗ ಇಷ್ಟು ಚೊಕ್ಕ ಪತ್ರ ನಾನೂ ಹೊಡದಿದ್ದಿಲ್ಲ.

“ಇದೇನವ್ವ ಇದು? ನಿನಗ ಬರತೈತಲ್ಲ!”

“ಒಬ್ಬಾಕಿ ಇದ್ರ ಬರತೈತ್ರಿ. ಕುರ್ಚಿ ಮ್ಯಾಲ ಕುಂತ್ರ ಒಬ್ಬಾಕಿನ್ನ ಬಿಡತಾರೇನ್ರಿ? ಹಿಂದ ಯಾರರ ಬಂದು ನಿಂದರತಾರ. ಜಲ್ಮ ಇಡೀ ಸರಳ ಐತಿ, ಸರಳ ಐತಿ ಅಂತಾರ. ಅವ್ರಿಗೆ ಸರಳ ಇದ್ದದ್ದು ನನಗ ಬರಲಿಲ್ಲಂದ್ರ ನಾ ಎಂಥಾಕಿ ಆದೆರಿ?” ಪುಸ್ತಕ ಮುಚ್ಚಿ ಬಗಲಾಗ ಇಟಗೊಂಡ್ಲು. “ಗಂಟಿ ಬಾರಿಸಿದ್ರ ಎದ್ದು ಹೋಗೋದು ಅಷ್ಟೇನು ತ್ರಾಸ ಇಲ್ರಿ ಸರ. ನೀರು ಕೊಟ್ಟು ಬಂದ್ರ ಮುಗೀತು. ಆ ತಂಬಿಗಿ ಯಾರೂ ನನ್ನ ಕೈಯಾಗಿಂದ ಕಸಗೊಳ್ಳಂಗಿಲ್ಲ.”

ಸಿಬ್ಬಂದಿ ಕೊಟ್ಟ ಅರ್ಜಿ ನನ್ನ ಟೇಬಲ್ ದಾಟಿ ಸಾಹೇಬ್ರ ಹತ್ರ ಹೋಗೋದು ನಮ್ಮಲ್ಲಿ ಪದ್ಧತಿ. ಹರದು ಒಗೀಬಹುದಿತ್ತು. ಒಳಗ ಹೋಗಿ, “ಸಾಹೇಬ್ರ, ಈ ಹಾಳಿ ನೋಡ್ರಿ, ಆಕಿಗೆ ಕಂಪ್ಯೂಟರ್ ಬರತೈತಿ ಅನ್ನಾಕ ಇದಕ್ಕಿಂತ ಸಾಕ್ಷಿ ಬೇಕೇನ್ರಿ” ಅನ್ನಬಹುದಿತ್ತು. ಅಂದ್ರ ಸಾಹೇಬ್ರು, ಮತ್ಯಾಕ ಹಿಂಗ ಬರದಾಳ ಅಂತ ಕೇಳತಿದ್ರು. ಅದಕ್ಕ ಉತ್ತರ ಹೇಳೋ ಧೈರ್ಯ ನನಗ ಇರಲಿಲ್ಲ. ಪೆನ್ನು ತಗೊಂಡು, ಕಂಪ್ಯೂಟರ್ ಬರುವುದಿಲ್ಲ ಅಂತ ಕಂಪ್ಯೂಟರಿನ್ಯಾಗ ಆಕಿ ಒಂದೂ ತಪ್ಪಿಲ್ಲದ ಹೊಡದಿದ್ದ ಆ ಹಾಳಿ ಮ್ಯಾಲ, ‘ಪರಿಶೀಲಿಸಿದೆ, ಸರಿ ಇದೆ’ ಅಂತ ಬರದು, ಸಹಿ ಹಾಕಿ, ಒಳಗ ಕಳಿಸಿದೆ.